ಮುಪ್ಪಿಗೆ ಬೇಕು ಹೆಪ್ಪು

ಪುಷ್ಯ ಮಾಸದ ಚಳಿ ಬಿತ್ತೆಂದರೆ ಘಾಟಿ ಸುಬ್ರಹ್ಮಣ್ಯದ ಬಯಲಿಗೆ ಎತ್ತುಗಳು ಬರತೊಡಗುತ್ತವೆ. ಬ್ರಹ್ಮರಥೋತ್ಸವಕ್ಕೆ ಇನ್ನೂ ದಿನಗಳಿರುವಾಗಲೇ ಹಳ್ಳಿಕಾರ್ ಜೋಡಿಗಳಿಗೆ ಚಪ್ಪರ ಏಳುತ್ತದೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದಲ್ಲಾಳಿಗಳು ಬೆಲೆ ಕುದುರಿಸುತ್ತಾರೆ. 1991ರ ಜಾತ್ರೆಯಲ್ಲಿ ನಮ್ಮ ತಂದೆ ಇದೇ ಬಯಲಿನಲ್ಲಿ ಒಂದು ಜೋಡಿ ಎತ್ತು ಮಾರಿದರು. ಆ ಹಣದಲ್ಲಿ ನಾನು ಬಿ.ಇಡಿ. ಓದಿದೆ.

ತಂದೆಯವರ ಪಾಲಿಗೆ ದನವೇ ಬ್ಯಾಂಕು. ಕರುವಾಗಿ ಕೊಂಡು, ಸಾಕಿ, ಪಳಗಿಸಿ, ಕಷ್ಟ ಬಂದಾಗ ಜಾತ್ರೆಗೆ ಹೊಡೆಯುವುದು. ಗೊಬ್ಬರ, ಉಳುಮೆ, ಕರು, ಇವೇ ಬಡ್ಡಿ. ನಮ್ಮ ದೊಡ್ಡಬಳ್ಳಾಪುರ ಸೀಮೆಯಲ್ಲಿ ಎಷ್ಟೋ ಹೆಣ್ಣುಮಕ್ಕಳ ಮದುವೆಯಾದದ್ದು, ಗಂಡುಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದು ಈ ಬ್ಯಾಂಕಿನಿಂದಲೇ. ಆದರೆ 2022ರಲ್ಲಿ ಚರ್ಮಗಂಟು ರೋಗ ಹರಡಿ ರಾಜ್ಯದಲ್ಲಿ ದನದ ಸಂತೆ, ಜಾತ್ರೆಗಳಿಗೆ ತಡೆ ಬಿದ್ದಾಗ ಆ ಬ್ಯಾಂಕಿನ ಬಾಗಿಲೂ ಮುಚ್ಚಿತು. ಇದ್ದದ್ದನ್ನೆಲ್ಲ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದರೆ ಆಗುವ ಅಪಾಯ ಅಂದು ಎಲ್ಲರ ಕಣ್ಣಿಗೂ ಬಿತ್ತು.

ನಮ್ಮ ತಂದೆಗೆ ನಿವೃತ್ತಿ ಎಂಬುದಿರಲಿಲ್ಲ. ಕೈಕಾಲು ನಡೆಯುವವರೆಗೆ ದುಡಿದರು, ಆಮೇಲೆ ಮಕ್ಕಳ ಮನೆಯ ಜಗುಲಿಯಲ್ಲಿ ಕೂತರು. ನನಗೀಗ 57 ವರ್ಷ. ಇನ್ನು ಮೂರು ವರ್ಷಕ್ಕೆ ಶಾಲೆಯ ಗಂಟೆ ನನಗಾಗಿ ಬಾರಿಸುವುದಿಲ್ಲ. ಮೊನ್ನೆ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ನೀವು ರಿಟೈರ್ ಆದ ಮೇಲೂ ಸಂಬಳ ಬರುತ್ತಾ?" ಎಂದು ಕೇಳಿದಳು. ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಅವಳಿಗೊಬ್ಬಳಿಗೇ ಅಲ್ಲ, ಅವಳ ತಂದೆತಾಯಿಗೂ ಕೂಡ ಎನ್ನಿಸಿ ಈ ಲೇಖನ ಬರೆಯುತ್ತಿದ್ದೇನೆ.

ತಡವಾಗಿ ಬಿತ್ತಿದವನ ಕಥೆ

ಮೊದಲು ನನ್ನ ತಪ್ಪುಗಳನ್ನು ಹೇಳಿಕೊಳ್ಳುತ್ತೇನೆ. ಬಿ.ಇಡಿ. ಮುಗಿಸಿ ಹದಿನಾಲ್ಕು ವರ್ಷ ಖಾಸಗಿ ಶಾಲೆಗಳಲ್ಲಿ ಪಾಠ ಮಾಡಿದೆ. ಸಂಬಳ ಕಡಿಮೆ, ಭವಿಷ್ಯ ನಿಧಿ ಇರಲಿಲ್ಲ. 'ಕೈ ತುಂಬ ಸಂಬಳ ಬಂದ ಮೇಲೆ ಉಳಿಸಿದರಾಯಿತು' ಎಂದುಕೊಂಡು ಆ ಹದಿನಾಲ್ಕು ವರ್ಷವನ್ನೂ ಕಳೆದೆ. ನಡುವೆ 1996ರಲ್ಲಿ ಒಮ್ಮೆ ಜಾಣನಾಗಲು ಹೊರಟೆ. ಮೂರೇ ವರ್ಷದಲ್ಲಿ ಹಣ ಇಮ್ಮಡಿ ಎಂದ ಒಂದು ಫೈನಾನ್ಸ್ ಕಂಪನಿಗೆ ಹನ್ನೆರಡು ಸಾವಿರ ಕಟ್ಟಿದೆ. ಎರಡನೇ ವರ್ಷಕ್ಕೇ ಅದರ ಬಾಗಿಲಿಗೆ ಬೀಗ ಬಿತ್ತು. ರಸೀದಿ ಇಂದಿಗೂ ಟ್ರಂಕಿನಲ್ಲಿದೆ.

ವಯೋಮಿತಿಯ ಅಂಚಿನಲ್ಲಿ, 2007ರಲ್ಲಿ, ಸರ್ಕಾರಿ ಸೇವೆ ದೊರೆಯಿತು. ಆದರೆ ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಅದಕ್ಕೆ ಮುಂಚೆ ಸೇರಿ ಪೂರ್ಣ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ ಖಚಿತ. ನಮಗಾದರೋ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡ 10 ನಮ್ಮಿಂದ ಕಡಿತವಾಗುತ್ತದೆ. ಸರ್ಕಾರ ಮೊದಲು ಅಷ್ಟೇ ಸೇರಿಸುತ್ತಿತ್ತು, ಆಮೇಲೆ ಅದನ್ನು ಶೇಕಡ 14ಕ್ಕೆ ಏರಿಸಿತು. ನಿವೃತ್ತಿಯ ದಿನ ಗಂಟಿನಲ್ಲಿ ಶೇಕಡ 60ರವರೆಗೆ ಕೈಗೆ ಪಡೆಯಬಹುದು. ಕನಿಷ್ಠ ಶೇಕಡ 40ರಲ್ಲಿ ತಿಂಗಳ ಪಿಂಚಣಿ ಕೊಳ್ಳಬೇಕು. ಆ ಪಿಂಚಣಿ ಎಷ್ಟು ಎಂಬುದು ಗಂಟಿನ ಗಾತ್ರವನ್ನೂ, ಅಂದಿನ ದರವನ್ನೂ ಅವಲಂಬಿಸಿದೆ. ಹಳಬರು ಲೆಕ್ಕ ಹಾಕಿಕೊಂಡು ನಿವೃತ್ತರಾದರು, ನಾವು ಅಂದಾಜು ಹಾಕಿಕೊಂಡು ನಿವೃತ್ತರಾಗುತ್ತೇವೆ.

ಹೀಗಾಗಿ ನನ್ನ ಉಳಿತಾಯದ ನಿಜವಾದ ಆಯಸ್ಸು ಇಪ್ಪತ್ತೊಂದು ವರ್ಷ ಮಾತ್ರ. ಅದು ಮೂವತ್ತೈದು ವರ್ಷವಾಗಬಹುದಿತ್ತು. ಕಳೆದುಹೋದ ಆ ಹದಿನಾಲ್ಕು ವರ್ಷದ ಬೆಲೆ ಎಷ್ಟು? ಇಲ್ಲಿಂದ ವಿಜ್ಞಾನದ ಪಾಠ.

ಹೆಪ್ಪಿನ ಪಾಠ

ರಾತ್ರಿ ಮಲಗುವ ಮುನ್ನ ತಾಯಿ ಉಗುರು ಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕುತ್ತಾರೆ. ಹೆಪ್ಪಿನಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿ ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ವೃದ್ಧಿಸುತ್ತದೆ. ಮೊದಲ ಒಂದೆರಡು ಗಂಟೆ ಹಾಲು ಹಾಲಾಗಿಯೇ ಕಾಣುತ್ತದೆ. ಬೆಳಗಿನ ಜಾವಕ್ಕೆ ನೋಡಿದರೆ ಪಾತ್ರೆ ತುಂಬ ಗಟ್ಟಿ ಮೊಸರು! ಚಕ್ರಬಡ್ಡಿಯ ಕೆಲಸವೂ ಹೀಗೆಯೇ. ಬಡ್ಡಿ ಅಸಲಿಗೆ ಸೇರಿ, ಆ ಬಡ್ಡಿಯೂ ಬಡ್ಡಿ ದುಡಿಯುತ್ತದೆ. ಮೊದಲ ವರ್ಷಗಳಲ್ಲಿ ಏನೂ ಕಾಣದು, ಕೊನೆಯ ವರ್ಷಗಳಲ್ಲೇ ಗಂಟು ಗಟ್ಟಿಯಾಗುವುದು.

ಹಣ ಇಮ್ಮಡಿಯಾಗಲು ಎಷ್ಟು ವರ್ಷ ಬೇಕು? ಇದಕ್ಕೊಂದು ಸುಲಭ ಸೂತ್ರವಿದೆ. 72ನ್ನು ಬಡ್ಡಿದರದಿಂದ ಭಾಗಿಸಿ. ಶೇಕಡ 6ಕ್ಕೆ 12 ವರ್ಷ, ಶೇಕಡ 8ಕ್ಕೆ 9 ವರ್ಷ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರವನ್ನೇ ನೋಡಿ. 2023ರ ಏಪ್ರಿಲ್‌ನಲ್ಲಿ ಅದರ ದರ ಶೇಕಡ 7.5 ಎಂದು ನಿಗದಿಯಾಯಿತು. 72ನ್ನು 7.5ರಿಂದ ಭಾಗಿಸಿದರೆ 9.6 ವರ್ಷ, ಅಂದರೆ 115 ತಿಂಗಳು. ಅಂಚೆ ಇಲಾಖೆ ಘೋಷಿಸಿದ ಅವಧಿಯೂ 115 ತಿಂಗಳೇ! ಇದೇ ಪತ್ರ 1988ರಲ್ಲಿ ಮೊದಲು ಬಂದಾಗ ಐದೂವರೆ ವರ್ಷಕ್ಕೇ ಹಣ ಇಮ್ಮಡಿಯಾಗುತ್ತಿತ್ತು. ಅಂದಿನ ದರ ಎಷ್ಟಿದ್ದೀತು ಎಂದು ಇದೇ ಸೂತ್ರ ತಿರುಗಿಸಿ ಲೆಕ್ಕ ಹಾಕುವುದನ್ನು ವಿದ್ಯಾರ್ಥಿಗಳಿಗೇ ಬಿಡುತ್ತೇನೆ.

ಈಗ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್ ಲೆಕ್ಕ. 2020ರ ಏಪ್ರಿಲ್‌ನಲ್ಲಿ ಇದರ ದರ ಶೇಕಡ 7.1ಕ್ಕೆ ಇಳಿಯಿತು. ಇದೇ ದರ ಉಳಿಯುತ್ತದೆ ಎಂದುಕೊಳ್ಳಿ. ವರ್ಷಾರಂಭದಲ್ಲಿ 6,000 ರೂಪಾಯಿಯಂತೆ, ಅಂದರೆ ತಿಂಗಳಿಗೆ 500ರಂತೆ, 15 ವರ್ಷ ಕಟ್ಟಿದರೆ ಕಟ್ಟಿದ್ದು 90 ಸಾವಿರ, ಸಿಗುವುದು ಸುಮಾರು 1 ಲಕ್ಷ 62 ಸಾವಿರ. ಅದನ್ನೇ 30 ವರ್ಷ ಮುಂದುವರಿಸಿದರೆ ಕಟ್ಟಿದ್ದು 1 ಲಕ್ಷ 80 ಸಾವಿರ, ಸಿಗುವುದು ಸುಮಾರು 6 ಲಕ್ಷ 18 ಸಾವಿರ. ಕಟ್ಟಿದ್ದು ಎರಡು ಪಟ್ಟು, ಕೈಗೆ ಬಂದದ್ದು ಸುಮಾರು ನಾಲ್ಕು ಪಟ್ಟು! ಹೆಚ್ಚುವರಿ ಹಣ ದುಡಿದದ್ದು ನಾವಲ್ಲ, ಕಾಲ.

ಇನ್ನೊಂದು ನಿದರ್ಶನ ಅಟಲ್ ಪಿಂಚಣಿ ಯೋಜನೆ. 2015ರಲ್ಲಿ ಆರಂಭವಾದ ಈ ಯೋಜನೆಗೆ 18ರಿಂದ 40 ವರ್ಷದವರು ಸೇರಬಹುದು. 60 ತುಂಬಿದ ಮೇಲೆ ತಿಂಗಳಿಗೆ 5,000 ರೂಪಾಯಿ ಪಿಂಚಣಿ ಬೇಕೆಂದರೆ 18ನೇ ವರ್ಷದಲ್ಲಿ ಸೇರಿದವನು ತಿಂಗಳಿಗೆ ಕಟ್ಟಬೇಕಾದದ್ದು 210 ರೂಪಾಯಿ. 40ನೇ ವರ್ಷದಲ್ಲಿ ಸೇರಿದವನು 1,454 ರೂಪಾಯಿ. ಮೊದಲನೆಯವನು 42 ವರ್ಷದಲ್ಲಿ ಒಟ್ಟು 1,05,840 ಕಟ್ಟುತ್ತಾನೆ. ಎರಡನೆಯವನು 20 ವರ್ಷದಲ್ಲಿ 3,48,960 ಕಟ್ಟುತ್ತಾನೆ. ಇಬ್ಬರಿಗೂ ಸಿಗುವ ಪಿಂಚಣಿ ಒಂದೇ. ನನ್ನ ಹದಿನಾಲ್ಕು ವರ್ಷದ ಬೆಲೆ ಏನೆಂದು ಈಗ ನಿಮಗೂ ತಿಳಿದಿರಬೇಕು.

ಕನ್ನಡಿಯಲ್ಲಿ ಕಾಣುವುದು

ಘಾಟಿಯ ದೇಗುಲಕ್ಕೆ ಬಂದವರಿಗೆ ಗೊತ್ತು. ಎದುರಿಗೆ ಸುಬ್ರಹ್ಮಣ್ಯ, ಅದೇ ಶಿಲೆಯ ಹಿಂಬದಿಯಲ್ಲಿ ನರಸಿಂಹ. ಹಿಂದೆ ಇಟ್ಟಿರುವ ಕನ್ನಡಿ ನೋಡದೆ ಬಂದರೆ ದರ್ಶನ ಅರ್ಧವೇ. ಉಳಿತಾಯದ ವಿಷಯದಲ್ಲೂ ಹೀಗೆಯೇ. ಎದುರಿಗೆ ಕಾಣುವುದು ಬಡ್ಡಿದರ. ಅದರ ಬೆನ್ನಿಗಿರುವುದು ಬೆಲೆ ಏರಿಕೆ.

72ರ ಸೂತ್ರ ಬೆಲೆಗಳಿಗೂ ಅನ್ವಯಿಸುತ್ತದೆ. ವರ್ಷಕ್ಕೆ ಶೇಕಡ 6ರಂತೆ ಬೆಲೆ ಏರಿದರೆ 12 ವರ್ಷಕ್ಕೆ ಖರ್ಚು ಇಮ್ಮಡಿ, 24 ವರ್ಷಕ್ಕೆ ನಾಲ್ಮಡಿ. ಇಂದು 36 ವರ್ಷದ ತಂದೆಯ ಮನೆಖರ್ಚು ತಿಂಗಳಿಗೆ 20 ಸಾವಿರವಾದರೆ ಆತನಿಗೆ 60 ತುಂಬುವಾಗ ಅದೇ ಅನ್ನ ಸಾರಿಗೆ 80 ಸಾವಿರ ಬೇಕು. ರಿಸರ್ವ್ ಬ್ಯಾಂಕಿನ ಗುರಿಯಂತೆ ಏರಿಕೆ ಶೇಕಡ 4ರಲ್ಲೇ ನಿಂತರೂ 18 ವರ್ಷಕ್ಕೆ ಖರ್ಚು ಇಮ್ಮಡಿ. ಆ ಲೆಕ್ಕದಲ್ಲಿ, ಇಂದು 18ರ ಹುಡುಗ 42 ವರ್ಷದ ನಂತರ ಪಡೆಯುವ ಐದು ಸಾವಿರದ ಪಿಂಚಣಿ ಇಂದಿನ ಒಂದು ಸಾವಿರಕ್ಕಿಂತಲೂ ಕಡಿಮೆ. ಆದ್ದರಿಂದ ಅಟಲ್ ಪಿಂಚಣಿಯೊಂದೇ ಸಾಕೆಂದು ಕೂರುವಂತಿಲ್ಲ. ಅದು ಅಡಿಪಾಯ ಮಾತ್ರ, ಮನೆಯಲ್ಲ.

ಬಡ್ಡಿದರವೂ ಸ್ಥಿರವಲ್ಲ. 1986ರಿಂದ 2000ದ ಜನವರಿಯವರೆಗೆ ಪಿಪಿಎಫ್‌ಗೆ ಶೇಕಡ 12 ಬಡ್ಡಿ ಇತ್ತು. ಅಂದು ಆರು ವರ್ಷಕ್ಕೆ ಇಮ್ಮಡಿಯಾಗುತ್ತಿದ್ದ ಹಣಕ್ಕೆ ಶೇಕಡ 7.1ರ ದರದಲ್ಲಿ ಹತ್ತು ವರ್ಷ ಬೇಕು. ದೀರ್ಘಾವಧಿಯ ಉಳಿತಾಯದಲ್ಲಿ ಒಂದು ಪಾಲು ಷೇರು ಆಧಾರಿತ ಮ್ಯೂಚುವಲ್ ಫಂಡಿಗೂ ಹೋಗಲಿ ಎಂದು ಬಲ್ಲವರು ಹೇಳುವುದು ಇದೇ ಕಾರಣಕ್ಕೆ. ಆದರೆ ಅಲ್ಲಿಯ ಏರಿಳಿತ ತಿಳಿದಿರಬೇಕು. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 9 ಸಾವಿರಕ್ಕಿಂತ ಕೆಳಗಿಳಿಯಿತು. 2024ರಲ್ಲಿ 80 ಸಾವಿರ ದಾಟಿತು. 2008ರಲ್ಲಿ 30 ವರ್ಷದವನಾಗಿದ್ದವನಿಗೆ ಆ ಕುಸಿತ ಒಂದು ಸುದ್ದಿ ಅಷ್ಟೆ. ಆ ಅಕ್ಟೋಬರಿನಲ್ಲೇ ನಿವೃತ್ತನಾಗಿ ಗಂಟೆಲ್ಲ ಷೇರಿನಲ್ಲಿಟ್ಟಿದ್ದವನಿಗೆ ಅದು ಸಿಡಿಲು. ವಯಸ್ಸಾದಂತೆ ಷೇರಿನ ಪಾಲು ಇಳಿಸುತ್ತ ಬರಬೇಕೆಂಬ ಮಾತಿನ ಅರ್ಥ ಇಷ್ಟೇ.

ಪಿಎಫ್ ಎಂಬ ಪಾತ್ರೆ

ದೊಡ್ಡಬಳ್ಳಾಪುರದ ಸುತ್ತ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಬಹಳ. ನನ್ನ ತರಗತಿಯ ಮಕ್ಕಳಲ್ಲಿ ಎಷ್ಟೋ ಮಂದಿ ಅವರ ಮನೆಯವರು. ಅವರಿಗೆ 2016ರ ಏಪ್ರಿಲ್ ನೆನಪಿರುತ್ತದೆ. ಆ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ತಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು. ಹೊಸೂರು ರಸ್ತೆ ಬಂದ್ ಆಯಿತು. 19ರಂದೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

ಅವರ ಸಿಟ್ಟು ನ್ಯಾಯವಾದದ್ದೇ. ಹೊಲಿಗೆ ಯಂತ್ರದ ಮುಂದೆ 58ರವರೆಗೆ ಕೂರುವವರು ಎಷ್ಟು ಜನ? ಕೆಲಸ ಬಿಟ್ಟಾಗ ಸಿಗುವ ಪಿಎಫ್ ಹಣವೇ ಮಗಳ ಫೀಜು, ಕೈಸಾಲದ ತೀರುವಳಿ. ತಮ್ಮ ಹಣಕ್ಕೆ ತಮ್ಮನ್ನು ಕೇಳದೆ ಬೀಗ ಹಾಕಿದರೆ ಯಾರು ಸುಮ್ಮನಿದ್ದಾರು? ಆದರೂ ಶಿಕ್ಷಕನಾಗಿ ಒಂದು ಮಾತು ಹೇಳಬೇಕು. ಫ್ಯಾಕ್ಟರಿ ಬದಲಿಸಿದಾಗಲೆಲ್ಲ ಪಿಎಫ್ ಖಾಲಿ ಮಾಡುವುದು ಗಂಟೆಗೊಮ್ಮೆ ಮುಚ್ಚಳ ತೆಗೆದು ಹೆಪ್ಪು ಕಲಕಿದ ಹಾಗೆ. ಮೊಸರು ಗಟ್ಟಿಯಾಗುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಪಿಂಚಣಿ. 1995ರ ನವೆಂಬರ್‌ನಲ್ಲಿ ಬಂದ ನೌಕರರ ಪಿಂಚಣಿ ಯೋಜನೆಯಂತೆ ಒಟ್ಟು 10 ವರ್ಷ ಸೇವೆಯಾದವರಿಗೆ 58 ವರ್ಷದಿಂದ ಪಿಂಚಣಿಯ ಹಕ್ಕಿದೆ. ಲೆಕ್ಕ ಸುಲಭ. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 14,000 ಸಂಬಳ, 15 ವರ್ಷ ಸೇವೆ ಎಂದರೆ ತಿಂಗಳಿಗೆ 3,000. ಹತ್ತು ವರ್ಷ ತುಂಬುವ ಮುನ್ನ ಪಿಂಚಣಿ ನಿಧಿಯ ಹಣವನ್ನೂ ತೆಗೆದರೆ ಆವರೆಗಿನ ಸೇವೆ ಅಳಿಸಿಹೋಗುತ್ತದೆ. 2014ರಿಂದ ಯುಎಎನ್ ಎಂಬ ಒಂದೇ ಸಂಖ್ಯೆ ಬಂದಿದೆ. ಕಂಪನಿ ಬದಲಾದರೂ ಆ ಸಂಖ್ಯೆ ಬದಲಾಗದು. ಖಾತೆಯನ್ನು ವರ್ಗಾಯಿಸಿಕೊಳ್ಳಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅಮ್ಮನ ಪಾಸ್‌ಬುಕ್ ತೆಗೆದು ತಿಂಗಳು ತಿಂಗಳು ಹಣ ಜಮೆಯಾಗುತ್ತಿದೆಯೇ ನೋಡಿ. ನೀವು ಕಲಿತ ಓದಿನ ಮೊದಲ ಪ್ರಯೋಜನ ಅದಾಗಲಿ.

ಮಗ್ಗದವರಿಗೆ, ಬೇಸಾಯಗಾರರಿಗೆ, ಅಂಗಡಿಯವರಿಗೆ ಪಿಎಫ್ ಇಲ್ಲ. ಅವರಿಗೆ ನಮ್ಮ ನಾಡೇ ಒಂದು ದಾರಿ ತೋರಿಸಿದೆ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆಬೀದಿಗಳಲ್ಲಿ ಉಳಿದಿದೆ. ದುಡಿದ ದಿನವೇ ಒಂದಿಷ್ಟು ತೆಗೆದಿಡುವ ಆ ಪದ್ಧತಿಯಲ್ಲಿ ಕೂಡಿದ ಹಣವನ್ನು ವರ್ಷಕ್ಕೊಮ್ಮೆ ಪಿಪಿಎಫ್‌ಗೋ ಎನ್‌ಪಿಎಸ್‌ಗೋ ದಾಟಿಸಿದರೆ ಮಗ್ಗದ ಮನೆಗೂ ಪಿಂಚಣಿ ಉಂಟು.

ಇಮ್ಮಡಿಯ ಆಸೆ

ನನ್ನ ಹನ್ನೆರಡು ಸಾವಿರ ಹೋದದ್ದು ಒಂದು ಸಣ್ಣ ಕಥೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳ ಗಂಟು ಮುಳುಗಿತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಅದರಲ್ಲಿ ಬಹಳ ಮಂದಿ.

ಇಲ್ಲಿ 72ರ ಸೂತ್ರವೇ ಕಾವಲುಗಾರ. 'ಮೂರು ವರ್ಷಕ್ಕೆ ಇಮ್ಮಡಿ' ಎಂದರೆ 72ನ್ನು 3ರಿಂದ ಭಾಗಿಸಿ. ವರ್ಷಕ್ಕೆ ಶೇಕಡ 24! ಅಂಚೆ ಕಚೇರಿ ಏಳೆಂಟು ಕೊಡುವ ಕಾಲದಲ್ಲಿ ಯಾರೋ ಇಪ್ಪತ್ನಾಲ್ಕು ಕೊಡುವುದು ಎಲ್ಲಿಂದ? ಹೊಸಬರು ಕಟ್ಟಿದ್ದನ್ನು ಹಳಬರಿಗೆ ಹಂಚಿಯೇ. 1996ರಲ್ಲಿ ಬಿ.ಎಸ್ಸಿ. ಓದಿದ್ದ ನಾನು ಈ ಒಂದು ಭಾಗಾಕಾರ ಮಾಡಲಿಲ್ಲ.

ಬ್ಯಾಂಕ್ ಠೇವಣಿಗೆ ವಿಮೆ ಇದೆ. ಒಂದು ಬ್ಯಾಂಕಿನಲ್ಲಿ ಒಬ್ಬರ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. 2020ರ ಫೆಬ್ರುವರಿಗೆ ಮುಂಚೆ ಇದು 1 ಲಕ್ಷವಾಗಿತ್ತು. ಆದರೆ ಬ್ಯಾಂಕಲ್ಲದ ಪತ್ತಿನ ಸಹಕಾರ ಸಂಘಗಳಿಗೆ, ಅಂದರೆ ನಾವು ಸೊಸೈಟಿ ಎನ್ನುವವಕ್ಕೆ, ಈ ವಿಮೆ ಇಲ್ಲ. ಅರ್ಧ ಪರ್ಸೆಂಟ್ ಹೆಚ್ಚಿನ ಆಸೆಗೆ ಜೀವಮಾನದ ಗಂಟನ್ನು ಒಂದೇ ಕಡೆ ಇಡಬೇಡಿ. ಚೀಟಿ ಹಾಕುವುದಾದರೆ ಅದು ನೋಂದಣಿಯಾದ ಚೀಟಿಯೇ ಎಂದು ಮೊದಲು ವಿಚಾರಿಸಿ.

ಮಕ್ಕಳೇ ಪಿಂಚಣಿಯೇ?

'ನಮ್ಮ ಮಕ್ಕಳೇ ನಮಗೆ ಪಿಂಚಣಿ ಸಾರ್' ಎನ್ನುವ ಪೋಷಕರು ಹಲವರು. ಆ ಮಾತಿನಲ್ಲಿ ಪ್ರೀತಿ ಇದೆ, ಲೆಕ್ಕ ಇಲ್ಲ. ಜಮೀನು ಮಾರಿ ಡೊನೇಷನ್ ಸೀಟು, ಪಿಎಫ್ ತೆಗೆದು ಅದ್ದೂರಿ ಮದುವೆ ಮಾಡಿ, ಕೊನೆಗೆ ಮಗನ ಮುಂದೆ ಮಾತ್ರೆಗೂ ಕೈಚಾಚುವುದು ಯಾರಿಗೂ ಬೇಡ. ಓದಿಗೆ ಬ್ಯಾಂಕ್ ಸಾಲ ಕೊಡುತ್ತದೆ, ಮಗ ದುಡಿದು ತೀರಿಸುತ್ತಾನೆ. ಎಪ್ಪತ್ತರ ವಯಸ್ಸಿನಲ್ಲಿ ಊಟಕ್ಕೆ ಸಾಲ ಕೊಡುವ ಬ್ಯಾಂಕ್ ಯಾವುದು?

ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲಿನ ಜಮೀನಿಗೆ ಬಂಗಾರದ ಬೆಲೆ ಬಂತು. ಮಾರಿದವರಲ್ಲಿ ಕೆಲವರು ಬುದ್ಧಿವಂತಿಕೆಯಿಂದ ಬೇರೆಡೆ ತೋಟ ಮಾಡಿಕೊಂಡರು. ಕೆಲವರು ಕಾರು, ಮನೆ, ಮದುವೆ ಎಂದು ಕೆಲವೇ ವರ್ಷದಲ್ಲಿ ಕೈ ಬರಿದು ಮಾಡಿಕೊಂಡದ್ದನ್ನೂ ಕಂಡಿದ್ದೇನೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಆಸ್ತಿಯನ್ನು ಬದುಕಿರುವಾಗಲೇ ಮಕ್ಕಳಿಗೆ ಬರೆದುಕೊಡುವ ಮುನ್ನವೂ ಯೋಚಿಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬೇಕು. ಷರತ್ತು ಪತ್ರದಲ್ಲೇ ಬರೆದಿದ್ದರೆ ಒಳ್ಳೆಯದು. ಅಂಥ ಅರ್ಜಿ ಬರೆಯುವ ದಿನ ಯಾವ ತಂದೆಗೂ ಬಾರದಿರಲಿ.

ಇಂದಿನಿಂದಲೇ

ವಿದ್ಯಾರ್ಥಿಗಳೇ, ಹತ್ತು ವರ್ಷ ತುಂಬಿದ್ದರೆ ಅಂಚೆ ಕಚೇರಿಯಲ್ಲಿ ನಿಮ್ಮ ಹೆಸರಿನಲ್ಲೇ ಖಾತೆ ತೆರೆಯಬಹುದು. ಜಾತ್ರೆಗೆಂದು ಅಜ್ಜಿ ಕೊಟ್ಟ ನೂರರಲ್ಲಿ ಹತ್ತು ಅಲ್ಲಿಗೆ ಹೋಗಲಿ. ಹದಿನೆಂಟು ತುಂಬಿದಾಗ 210ರ ಲೆಕ್ಕ ಮರೆಯಬೇಡಿ. ಆದಾಯ ತೆರಿಗೆ ಕಟ್ಟುವವರು 2022ರ ಅಕ್ಟೋಬರ್‌ನಿಂದ ಅಟಲ್ ಪಿಂಚಣಿಗೆ ಸೇರುವಂತಿಲ್ಲ. ಹಾಗಾಗಿ ದೊಡ್ಡ ಸಂಬಳ ಬರುವ ಮುಂಚೆಯೇ ಸೇರಿಕೊಳ್ಳಿ.

ಪೋಷಕರೇ, ಉಳಿದದ್ದನ್ನು ಉಳಿಸುವುದಲ್ಲ, ಉಳಿಸಿ ಉಳಿದದ್ದನ್ನು ಖರ್ಚು ಮಾಡುವುದು. ನಮ್ಮ ಹಿರಿಯರು ಬಿತ್ತನೆ ಬೀಜ ತೆಗೆದಿಟ್ಟ ಮೇಲೆಯೇ ಅಲ್ಲವೇ ರಾಗಿ ಬೀಸುತ್ತಿದ್ದುದು? ಮೊದಲು ಆರು ತಿಂಗಳ ಮನೆಖರ್ಚಿನಷ್ಟು ಕೈಗೆಟಕುವಲ್ಲಿ ಇರಲಿ. ಕಾಯಿಲೆಯ ವಿಮೆ ಇರಲಿ, ಇಲ್ಲವಾದರೆ ಒಂದು ಆಪರೇಷನ್ ಇಪ್ಪತ್ತು ವರ್ಷದ ಗಂಟನ್ನು ನುಂಗೀತು. ಆಮೇಲೆ ಪಿಪಿಎಫ್, ಎನ್‌ಪಿಎಸ್, ಒಂದಿಷ್ಟು ಮ್ಯೂಚುವಲ್ ಫಂಡ್, ಒಂದಿಷ್ಟು ಚಿನ್ನ. 60 ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತದೆ. ಎಲ್ಲ ಖಾತೆಗಳಿಗೂ ನಾಮಿನಿ ಹೆಸರು ಬರೆಸಿ. ಯಾವ ಪಾಸ್‌ಬುಕ್ ಎಲ್ಲಿದೆ ಎಂದು ಹೆಂಡತಿಗೂ ಮಕ್ಕಳಿಗೂ ತಿಳಿದಿರಲಿ.

ಆ ಹುಡುಗಿಗೆ ಮಾರನೆಯ ದಿನ ಉತ್ತರ ಹೇಳಿದೆ. "ಸಂಬಳ ಬರುವುದಿಲ್ಲಮ್ಮ, ಇಟ್ಟುಕೊಂಡಷ್ಟು ಬರುತ್ತದೆ" ಎಂದೆ. ಕರಿಹಲಗೆಯ ಮೇಲೆ 210 ಮತ್ತು 1,454 ಎಂದು ಬರೆದು ವಿವರಿಸಿದೆ. ಅವಳು ಕೊಂಚ ಯೋಚಿಸಿ, "ನಮ್ಮಮ್ಮನಿಗೆ ಈಗ ಮೂವತ್ತೆಂಟು ಸಾರ್, ಇನ್ನೂ ಸೇರಬಹುದಲ್ವಾ?" ಎಂದಳು. ಸೇರಬಹುದು, ಆದರೆ ಇನ್ನೆರಡೇ ವರ್ಷ ಅವಕಾಶ ಎಂದೆ. ಅವಳು ಆ ಅಂಕಿಗಳನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ಆ ಹಾಳೆ ಅವತ್ತೇ ಅವಳ ಅಮ್ಮನ ಕೈಸೇರಿತೆಂದು ನಂಬಿದ್ದೇನೆ.